ಗೊಲ್ಲರಹಟ್ಟಿಯಲ್ಲಿ ಒಂದು ಹಗಲು

ನಮ್ಮ ದೊಡ್ಡ ನಾದಿನಿ ಕಳೆದ ವೈಶಾಖದಲ್ಲಿ ಮನೆಗೆ ಬಂದಾಗ ಅವರ ಬಾಯಲ್ಲಿ ಬರೀ ಹಡಗಿನ ಮಾತು. ಮಗ ಸಿಡ್ನಿಯಲ್ಲಿದ್ದಾನೆ. ಆರು ತಿಂಗಳು ಅವನ ಮನೆಯಲ್ಲಿದ್ದು ಬಂದವರು. ಹೊರಡುವ ಮುಂಚೆ ಮಗ ಸೊಸೆ ಸೇರಿ ಅವರನ್ನು ದೊಡ್ಡ ಹಡಗಿನಲ್ಲಿ ಫಿಜಿ ದ್ವೀಪಗಳಿಗೆ ಕರೆದುಕೊಂಡು ಹೋಗಿದ್ದರಂತೆ. ಹಡಗೆಂದರೆ ನೀವು ನಾನು ಅಂದುಕೊಳ್ಳುವ ಹಾಗಲ್ಲ, ನಮ್ಮ ಮಧುಗಿರಿಯ ಪೇಟೆಬೀದಿಯನ್ನೇ ಎತ್ತಿ ನೀರಿನ ಮೇಲೆ ಇಟ್ಟ ಹಾಗೆ! ಅವರ ಮಾತು ಕೇಳುತ್ತಾ ನಾನು ಒಲೆಯ ಮೇಲಿನ ಹಾಲನ್ನು ಎರಡು ಸಲ ಉಕ್ಕಿಸಿದೆ.

ಒಂದು ದಿನ ಹಡಗಿನವರನ್ನೆಲ್ಲ ಅಲ್ಲಿನ ಹಳ್ಳಿಯೊಂದಕ್ಕೆ ಕರೆದೊಯ್ದರಂತೆ. ಊರೊಳಗೆ ಹೋಗುವಾಗ ಟೋಪಿ ಹಾಕಿಕೊಳ್ಳುವ ಹಾಗಿಲ್ಲ. ಮನೆಯೊಳಗೆ ಚಪ್ಪಲಿ ಕೂಡದು. ಮೊದಲು ಊರ ಹಿರಿಯನಿಗೆ ಯಂಗೋನ ಎಂಬ ಗಿಡದ ಬೇರನ್ನು ಕಾಣಿಕೆ ಕೊಡಬೇಕು, ಅದಕ್ಕೆ ‘ಸೇವುಸೇವು’ ಎಂದು ಹೆಸರು. ಆ ಬೇರನ್ನು ಕುಟ್ಟಿ, ನೀರಿನಲ್ಲಿ ಕಲಸಿ, ತೆಂಗಿನ ಚಿಪ್ಪಿನಲ್ಲಿ ಕುಡಿಯಲು ಕೊಡುತ್ತಾರೆ. ಕುಡಿದರೆ ನಾಲಿಗೆ ಜೋಮು ಹಿಡಿಯುತ್ತದೆ. ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ಮೇಲೆ ಕೆಸುವಿನ ಗೆಡ್ಡೆ, ಮರಗೆಣಸು ಇಟ್ಟು ಮುಚ್ಚಿ ಬೇಯಿಸುತ್ತಾರೆ. ಆಮೇಲೆ ಹಾಡು, ಕುಣಿತ. ಸಂಜೆ ಐದಕ್ಕೆ ಎಲ್ಲರೂ ವಾಪಸ್ಸು ಹಡಗಿಗೆ.

“ಎಷ್ಟು ಚೆನ್ನಾಗಿತ್ತು ಗೊತ್ತೇನೇ! ನಿಮ್ಮ ಸೀಮೇಲಿ ಇಂಥದ್ದೇನೂ ಇಲ್ಲವಾ?” ಅಂದರು.

ನನಗೆ ಸ್ವಲ್ಪ ಚುರುಕ್ಕೆಂದಿತು. ನಾವು ಮೂಲತಃ ನಂಜನಗೂಡಿನ ಕಡೆಯವರು, ನಿಜ. ಆದರೆ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನಮ್ಮವರು ಹೈಸ್ಕೂಲು ಮೇಷ್ಟ್ರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾಲ್ಕರಲ್ಲೂ ಅವರು ಪಾಠ ಹೇಳಿದ್ದಾರೆ, ನಾಲ್ಕರಲ್ಲೂ ನಾನು ಸಾಮಾನಿನ ಗಂಟು ಬಿಚ್ಚಿ ಕಟ್ಟಿದ್ದೇನೆ. ಹಾಗಾಗಿ ಇದು ನಮ್ಮದೇ ಸೀಮೆ ಎಂಬ ಅಭಿಮಾನ.

“ನಮ್ಮ ಊರಿನ ಬೆಟ್ಟ ಹತ್ತೋಣವೇ ಅಕ್ಕಾ? ಇಡೀ ಬೆಟ್ಟವೇ ಒಂದು ಕಲ್ಲು, ಮೇಲೆ ಕೋಟೆ ಇದೆ” ಅಂದೆ. ಮಂಡಿನೋವು ಅಂದರು. ಕೊರಟಗೆರೆ ಕಡೆ ಗೊರವನಹಳ್ಳಿ ಮಹಾಲಕ್ಷ್ಮಿ, ಸಿದ್ಧರಬೆಟ್ಟ ಇವೆ ಅಂದೆ. ಗುಡಿ ನೋಡಿ ನೋಡಿ ಸಾಕಾಗಿದೆ ಅಂದರು. ಪಾವಗಡದ ತಿರುಮಣಿ ಹತ್ತಿರ 13,000 ಎಕರೆಯಲ್ಲಿ ಬಿಸಿಲಿನಿಂದ ಕರೆಂಟು ತೆಗೆಯುತ್ತಾರೆ, 2,050 ಮೆಗಾವ್ಯಾಟ್ ಅಂತೆ ಎಂದು ನಮ್ಮವರು ಪಾಠ ಶುರು ಮಾಡಿದರು. “ಈ ಬಿಸಿಲಲ್ಲಿ ಬಿಸಿಲು ನೋಡೋಕೆ ಹೋಗೋದೇ? ನನಗೆ ಹಳ್ಳಿ ತೋರಿಸೋ” ಎಂದು ತಮ್ಮನನ್ನು ಗದರಿಸಿದರು.

ಆಗ ನೆನಪಾಯಿತು ನಮ್ಮವರ ಹಳೆಯ ಶಿಷ್ಯೆ. ಶಿರಾ ತಾಲೂಕಿನ ಒಂದು ಗೊಲ್ಲರಹಟ್ಟಿಯ ಹುಡುಗಿ. ಹತ್ತನೇ ಕ್ಲಾಸಿನಲ್ಲಿ ಫೀಸಿಗೂ ಪುಸ್ತಕಕ್ಕೂ ನಮ್ಮವರು ಸ್ವಲ್ಪ ನೆರವಾಗಿದ್ದರು. ಈಗ ನರ್ಸಿಂಗ್ ಓದಿ ಕೆಲಸದಲ್ಲಿದ್ದಾಳೆ. ಅಣ್ಣನಿಗೆ ಗಂಡು ಮಗು ಆಗಿದೆ, ಅಮ್ಮನ್ನ ಕರಕೊಂಡು ಬನ್ನಿ ಸಾರ್ ಎಂದು ಫೋನು ಮಾಡಿದ್ದಳು. ನಮ್ಮವರಿಗೆ ಪರೀಕ್ಷೆಯ ಕೆಲಸವಿತ್ತು. “ನೀವಿಬ್ಬರೇ ಹೋಗಿಬನ್ನಿ” ಅಂದರು.

ಕಾಡುಗೊಲ್ಲರ ಬಗ್ಗೆ ದೂರದೂರಿನ ಸೋದರಿಯರಿಗೆ ಎರಡು ಮಾತು ಹೇಳಬೇಕು. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಒಣ ಸೀಮೆಯಲ್ಲಿ ದನ, ಕುರಿ ಕಾಯ್ದುಕೊಂಡು ಬಂದ ಜನ ಇವರು. ಊರಿನ ಒಳಗೆ ಇರುವುದಿಲ್ಲ. ಊರಿಂದ ಆಚೆ, ಸುತ್ತ ಮುಳ್ಳಿನ ಬೇಲಿ ಹಾಕಿಕೊಂಡು ತಮ್ಮದೇ ಹಟ್ಟಿ ಕಟ್ಟಿಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಇವರ ವೀರ ಜುಂಜಪ್ಪ. ಕೆಂಗುರಿ ಮಲ್ಲೇಗೌಡ, ಚಿನ್ನಮ್ಮನವರ ಮಗ, ದನಕರು ಕಾದ ದೈವ. ಶಿರಾ ತಾಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಅವನ ಕಥೆಯನ್ನು ರಾತ್ರಿಗಟ್ಟಲೆ ಹಾಡುತ್ತಾರೆ.

ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದೆವು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟಾಗ ನಾನು, “ನೋಡಿ ಅಕ್ಕಾ, ನಿಮ್ಮ ಹಡಗಿಗಿಂತ ನಮ್ಮ ಬಸ್ಸೇ ಮೇಲು” ಅಂದೆ. ಇಬ್ಬರೂ ನಕ್ಕೆವು. ಬಡವನಹಳ್ಳಿ ದಾಟಿ ಶಿರಾದಲ್ಲಿ ಇಳಿದರೆ ಆ ಹುಡುಗಿ ಆಟೋ ಮಾಡಿಸಿಕೊಂಡು ಕಾಯುತ್ತಾ ನಿಂತಿದ್ದಳು.

ನೇರ ಹಟ್ಟಿಗೆ ಕರೆದುಕೊಂಡು ಹೋಗಲಿಲ್ಲ. “ಬೆಂಗಳೂರಿಂದ ಬಂದವ್ರೆ, ಕಗ್ಗಲಡು ತೋರಿಸದೆ ಹೆಂಗಮ್ಮ?” ಅಂದಳು. ಕಗ್ಗಲಡು ಶಿರಾದಿಂದ ಸ್ವಲ್ಪವೇ ದೂರ. ಊರ ನಡುವಿನ ಹುಣಸೆಮರಗಳ ತುಂಬಾ ಬಣ್ಣದ ಕೊಕ್ಕರೆಗಳು! ಪ್ರತಿವರ್ಷ ಬಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿಕೊಂಡು ಹೋಗುತ್ತವೆ. ಕೆಳಗೆ ಮನೆ, ಮೇಲೆ ಗೂಡು. ಹಿಕ್ಕೆ ಬೀಳುತ್ತದೆ, ವಾಸನೆ ಬರುತ್ತದೆ, ಆದರೂ ಊರವರು ಒಂದು ಕಲ್ಲು ಎಸೆಯುವುದಿಲ್ಲ. “ಹೆರಿಗೆಗೆ ತವರಿಗೆ ಬಂದ ಹಾಗೆ ಕಣೇ” ಎಂದು ನಾದಿನಿಯವರು ಕತ್ತೆತ್ತಿ ನೋಡುತ್ತಾ ನಿಂತುಬಿಟ್ಟರು. ಫೋನಿನಲ್ಲಿ ಹತ್ತಾರು ಫೋಟೋ ತೆಗೆದರು.

ಹಟ್ಟಿ ಮುಟ್ಟುವಾಗ ಹತ್ತೂವರೆ. ಈಗ ಸಿಮೆಂಟಿನ ಮನೆಗಳೂ ಬಂದಿವೆ. ಬೇಲಿ ಮಾತ್ರ ಕೆಲವು ಕಡೆ ಹಾಗೇ ಇದೆ. ಬಾಗಿಲಲ್ಲೇ ಹುಡುಗಿ ಚಪ್ಪಲಿ ಬಿಟ್ಟಳು, ನಾವೂ ಬಿಟ್ಟೆವು. ಒಳಗೆ ದೇವರಿದೆ, ಹಟ್ಟಿಯೇ ಗುಡಿ ಇದ್ದ ಹಾಗೆ ಎಂದಳು. ನಾನು ತೆಂಗಿನಕಾಯಿ, ಎಲೆಅಡಿಕೆ, ಬಾಳೆಹಣ್ಣು ತಂದಿದ್ದೆ. ದೇವರ ಮುಂದೆ ಇಟ್ಟೆ. “ಇದೇ ಸೇವುಸೇವು!” ಎಂದು ನಾದಿನಿಯವರು ನನ್ನ ಕಿವಿಯಲ್ಲಿ ಹೇಳಿದರು.

ಹುಡುಗಿಯ ಅಜ್ಜಿ ಎದುರಿಗೆ ಬಂದರು. ಎಂಬತ್ತರ ಹತ್ತಿರ ಇರಬೇಕು, ಬೆನ್ನು ಇನ್ನೂ ನೆಟ್ಟಗಿದೆ. “ಬರ್ರಮ್ಮ, ಮೇಷ್ಟ್ರು ಮನೇರು ಬಂದ್ರು” ಎಂದು ಕಂಬಳಿ ಹಾಸಿದರು. ದೊಡ್ಡ ಲೋಟದಲ್ಲಿ ಮಜ್ಜಿಗೆ ಬಂತು. ಆ ಮಜ್ಜಿಗೆಯ ರುಚಿ ನಮ್ಮ ಪ್ಯಾಕೆಟ್ಟಿನ ಹಾಲಿನಲ್ಲಿ ಯಾವ ಜನ್ಮಕ್ಕೂ ಬರುವುದಿಲ್ಲ. ಅಂಗಳ ಸಗಣಿಯಿಂದ ಸಾರಿಸಿ ಕನ್ನಡಿಯ ಹಾಗಿತ್ತು. ಒಂದು ಕೋಳಿಯೂ ಕಾಣಲಿಲ್ಲ. ಕೇಳಿದರೆ, ಹಟ್ಟಿಯೊಳಗೆ ಕೋಳಿ ಸಾಕೋದಿಲ್ಲ, ನಮ್ಮ ದ್ಯಾವರಿಗೆ ಆಗಲ್ಲ ಅಂದರು.

ನಾದಿನಿಯವರ ಆಸೆಗೆಂದು ಒಬ್ಬ ಹಿರಿಯರನ್ನು ಕರೆಸಿ ಗಣೆ ಊದಿಸಿದರು. ಗಣೆ ಎಂದರೆ ಆಳೆತ್ತರದ ಬಿದಿರಿನ ಕೊಳಲು. ತೂತಿಗೆ ಬೆರಳು ಮುಟ್ಟಿಸಲು ತೋಳನ್ನು ಪೂರ್ತಿ ಚಾಚಬೇಕು. ನಮ್ಮ ಕೃಷ್ಣನ ಕೊಳಲಿನ ಹಾಗೆ ಸಣ್ಣ ಇಂಪಲ್ಲ ಅದು. ದೂರದ ಗುಡ್ಡದಲ್ಲಿ ಗಾಳಿ ಬೀಸಿದ ಹಾಗೆ, ಹೊಟ್ಟೆಯೊಳಗಿಂದ ಬಂದ ಹಾಗೆ. ಅಜ್ಜಿಯೂ ನಾಲ್ಕು ಪದ ಹೇಳಿದರು. ಈ ಜನರ ಹೆಂಗಸರ ನೆನಪಿನ ಶಕ್ತಿ ದೊಡ್ಡದು. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರ ಸಾವಿರ ಪದಗಳನ್ನು ತಲೆಯಲ್ಲಿಟ್ಟುಕೊಂಡಿದ್ದರು ಎಂಬುದನ್ನು ನೀವೂ ಓದಿರಬಹುದು.

ಅಲ್ಲಿಯವರೆಗೆ ಎಲ್ಲವೂ ನಾದಿನಿಯವರ ಫಿಜಿಯ ಹಾಗೇ. ಕಾಣಿಕೆ, ಪಾನಕ, ಹಾಡು. ಅವರಿಗೆ ಸಂತೋಷವೋ ಸಂತೋಷ. ನಾನೂ, ನೋಡಿದಿರಾ ನಮ್ಮ ಸೀಮೆ ಎಂದು ಬೀಗಿದ್ದೆ. ಆಗ ಚೀಲದಲ್ಲಿದ್ದ ಮಗುವಿನ ಅಂಗಿ, ಕುಲಾವಿ, ಬಾಣಂತಿಗೆಂದು ತಂದ ಕೊಬ್ಬರಿ ಬೆಲ್ಲ ನೆನಪಾಗಿ, “ಬಾಣಂತಿ ಎಲ್ಲಿ? ಒಳಗೆ ಮಲಗಿದಾಳಾ?” ಎಂದು ಕೇಳಿದೆ.

ಯಾರೂ ಮಾತಾಡಲಿಲ್ಲ. ಹುಡುಗಿ ತಲೆ ತಗ್ಗಿಸಿದಳು. “ಬರ್ರಮ್ಮ” ಎಂದು ಎದ್ದಳು.

ಬೇಲಿಯ ಬಾಗಿಲು ದಾಟಿ, ಹೊಲದ ಬದುವಿನ ಬೇವಿನ ಮರದ ಹತ್ತಿರ ಹೋದೆವು. ತೆಂಗಿನ ಗರಿಯ ಸಣ್ಣ ಗುಡಿಸಲು. ಮೇಲೆ ನೀಲಿ ಪ್ಲಾಸ್ಟಿಕ್ಕು. ಬಗ್ಗದೆ ಒಳಗೆ ಹೋಗುವ ಹಾಗಿಲ್ಲ. ಒಳಗೆ ಒಂದು ಚಾಪೆ, ಒಂದು ಕಂಬಳಿ, ನೀರಿನ ಕೊಡ. ಹೊರಗೆ ಮೂರು ಕಲ್ಲಿನ ಒಲೆ. ಇಪ್ಪತ್ತು ವರ್ಷವೂ ತುಂಬಿರಲಾರದ ಹೆಣ್ಣು, ಇಪ್ಪತ್ತಮೂರು ದಿನದ ಕೂಸು. ಮಧ್ಯಾಹ್ನದ ಆ ಧಗೆಯಲ್ಲಿ ಕೂಸು ಬೆವರಿ, ನೆತ್ತಿಯ ಕೂದಲು ಒದ್ದೆಯಾಗಿತ್ತು.

ಮುಟ್ಟಾದಾಗ, ಹೆತ್ತಾಗ ಹೆಂಗಸು ಹಟ್ಟಿಯ ಒಳಗೆ ಇರಬಾರದು, ಜುಂಜಪ್ಪ ಮುನಿಯುತ್ತಾನೆ ಎಂಬುದು ಅಲ್ಲಿನ ಕಟ್ಟು. ಮುಟ್ಟಿಗೆ ಕೆಲವೇ ದಿನ. ಬಾಣಂತಿಗೆ ವಾರಗಟ್ಟಲೆ, ಹಿಂದೆ ತಿಂಗಳುಗಟ್ಟಲೆ. ಈ ಕೂಸು ಹುಟ್ಟಿದ್ದು ಆಸ್ಪತ್ರೆಯಲ್ಲಿ, ಬೆಳ್ಳನೆ ಹಾಸಿಗೆಯ ಮೇಲೆ. ಮೂರನೇ ದಿನ ಅಲ್ಲಿಂದ ನೇರ ಈ ಗುಡಿಸಲಿಗೆ.

“ನಾನೇ ನರ್ಸು ಕಣಮ್ಮ” ಎಂದಳು ಹುಡುಗಿ. “ಆಸ್ಪತ್ರೇಲಿ ಎಷ್ಟೋ ಬಾಣಂತೀರಿಗೆ ಬುದ್ಧಿ ಹೇಳ್ತೀನಿ. ನಮ್ಮ ಹಟ್ಟೀಲಿ ನನ್ನ ಮಾತು ನಡಿಯಲ್ಲ. ನನ್ನ ಮೂರು ದಿನಾನೂ ನಾನು ರೂಮು ಮಾಡ್ಕಂಡಿರೋ ಕಡೆನೇ ಕಳೀತೀನಿ, ಊರಿಗೆ ಬರಲ್ಲ.”

ನಾದಿನಿಯವರ ಕೈ ತಾನಾಗಿ ಫೋನಿನ ಕಡೆ ಹೋಯಿತು. ಅವರದೇನೂ ತಪ್ಪಲ್ಲ, ಬೆಳಿಗ್ಗೆಯಿಂದ ಕೊಕ್ಕರೆ, ಬೇಲಿ, ಗಣೆ ಎಲ್ಲದರ ಫೋಟೋ ತೆಗೆದಿದ್ದರಲ್ಲ. ಬಾಣಂತಿ ಸರಕ್ಕನೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ನಾದಿನಿಯವರು ಫೋನನ್ನು ಚೀಲದೊಳಗೆ ಹಾಕಿ ಜಿಪ್ಪು ಎಳೆದರು. ಸಂಜೆಯವರೆಗೆ ತೆಗೆಯಲಿಲ್ಲ.

ನಾನು ಬಗ್ಗಿ ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ಧೈರ್ಯ ಅಂತಲ್ಲ, ಕಾಲು ತಾನಾಗೇ ಹೋಯಿತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗಿನಿಂದ ಗಾಳಿ ಬೀಸಿದೆ. ಆ ಹುಡುಗಿ, ಆ ತಾಯಿ, ಮೆಲ್ಲಗೆ “ಮುಟ್ಟಿಬಿಟ್ರಲ್ಲಮ್ಮ” ಅಂದಳು. ಬೇಡ ಎಂದು ಹೇಳಿದ ಹಾಗಿರಲಿಲ್ಲ ಅದು. ಆದರೆ ಅದರ ಅರ್ಥ ಆಮೇಲೆ ಹೊಳೆಯಿತು. ಮುಟ್ಟಿದವರು ಸ್ನಾನ ಮಾಡದೆ ಹಟ್ಟಿಯೊಳಗೆ ಹೋಗುವ ಹಾಗಿಲ್ಲ. ಒಳಗೆ ಅಜ್ಜಿ ನಮಗಾಗಿ ಮುದ್ದೆ ತಿರುವಿ, ಸಾರು ಮಾಡಿ ಕಾಯುತ್ತಿದ್ದಾರೆ!

ಈಗೇನು ಮಾಡೋಣ, ನೀವೇ ಹೇಳಿ. ಅವರ ಕಟ್ಟು ಮುರಿದು ಹಾಗೇ ಒಳಗೆ ನುಗ್ಗಿದರೆ ಉಣ್ಣಲು ಕರೆದವರ ಮರ್ಯಾದೆ ಕಳೆದ ಹಾಗೆ. ಸ್ನಾನ ಮಾಡಿ ಹೋದರೆ, ಈ ಕೂಸನ್ನು ಮುಟ್ಟಿದ್ದು ಮೈಲಿಗೆ ಎಂದು ನಾನೂ ಒಪ್ಪಿದ ಹಾಗೆ. ನಾನು ಹುಡುಗಿಗೆ ಹೇಳಿ ಕಳಿಸಿದೆ: “ನಾನು ಇಲ್ಲೇ ಬಾಣಂತಿ ಜೊತೆ ಊಟ ಮಾಡ್ತೀನಿ ಅಂತ ಅಜ್ಜಿಗೆ ಹೇಳಮ್ಮಾ.” ನಾದಿನಿಯವರೂ ಮಾತಿಲ್ಲದೆ ಬೇವಿನ ಮರದ ಕೆಳಗೆ ಕೂತುಬಿಟ್ಟರು.

ಬಹಳ ಹೊತ್ತು ಯಾರೂ ಬರಲಿಲ್ಲ. ಅಜ್ಜಿಗೆ ಕೋಪ ಬಂತೇನೋ ಎಂದು ನನಗೆ ಅಳುಕು. ಆಮೇಲೆ ನೋಡಿದರೆ, ತಲೆಯ ಮೇಲೆ ಕುಕ್ಕೆ ಇಟ್ಟುಕೊಂಡು ಅಜ್ಜಿಯೇ ಆ ಬಿಸಿಲಲ್ಲಿ ಬರಿಗಾಲಲ್ಲಿ ನಡೆದು ಬರುತ್ತಿದ್ದಾರೆ! ಮರದ ಕೆಳಗೆ ಕುಕ್ಕೆ ಇಳಿಸಿ, ದೂರದಲ್ಲೇ ನಿಂತು ಎಲೆಗೆ ಬಡಿಸಿದರು. ಮೊದಲ ಎಲೆ ಬಾಣಂತಿಗೇ.

ಆ ಸಾರಿನ ವಿಷಯ ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. ಹುಣಸೆಯ ಎಳೆ ಚಿಗುರಿನ ಸಾರು. ತೊಗರಿಬೇಳೆ ಬೇಯಲು ಇಟ್ಟು, ಚಿಗುರನ್ನು ಅಂಗೈಯಲ್ಲಿ ಉಜ್ಜಿ ಕಡ್ಡಿ ತೆಗೆದು ಅದರಲ್ಲೇ ಹಾಕಬೇಕು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಹುರಿದು, ಕಾಯಿ ಸೇರಿಸಿ ಅರೆದು ಬೆರೆಸಿ ಒಂದು ಕುದಿ ಬಂದರೆ ಸಾಕು. ಬೇರೆ ಹುಣಸೆಹುಳಿ ಬೇಡ. ಬಿಸಿ ಮುದ್ದೆಗೆ ಇದಕ್ಕಿಂತ ಜೊತೆ ಇನ್ನೊಂದಿಲ್ಲ. ಬಾಣಂತಿಗೆಂದು ಅಜ್ಜಿ ಹುಳಿಯಿಲ್ಲದ ಬೆಳ್ಳುಳ್ಳಿ ಮೆಣಸಿನ ಸಾರು ಬೇರೆ ತಂದಿದ್ದರು. ಪ್ರೀತಿ ಇಲ್ಲದೆ ಯಾರಾದರೂ ಎರಡು ಸಾರು ಮಾಡುತ್ತಾರೆಯೇ?

ಊಟವಾದ ಮೇಲೆ ನಾನು ಮೆಲ್ಲಗೆ ಕೇಳಿದೆ, “ಅಜ್ಜಿ, ಮಳೆಗಾಲ ಬರ್ತಾ ಇದೆ. ಕೂಸಿಗೆ ಏನಾದ್ರೂ ಆದ್ರೆ?”

ಅಜ್ಜಿ ಬೇವಿನ ಮರವನ್ನು ನೋಡುತ್ತಾ ಹೇಳಿದರು: “ಇದೇ ಮರದ ಬುಡದಾಗೆ ಮೂರು ಇಟ್ಕಂಡು ಕುಂತಿದ್ದೆ ನಾನು. ಒಂದು ಉಳೀಲಿಲ್ಲ. ಚಳಿಗೆ ಹೋತು. ನಮ್ಮತ್ತೆ ಅಂದ್ರು, ದ್ಯಾವರ ಮಾತು. ನಾನೂ ಅದ್ನೇ ಅಂತೀನಿ. ಬ್ಯಾರೆ ಏನನ್ನಾನ ತಾಯಿ? ಅದು ಸುಳ್ಳು ಅಂದ್ರೆ ನನ್ನ ಕೂಸು ಸುಮ್ ಸುಮ್ನೆ ಹೋದಂಗಾಯ್ತದಲ್ಲ.”

ನನಗೆ ಗಂಟಲು ಕಟ್ಟಿತು. ಅಜ್ಜಿಗೆ ಬುದ್ಧಿ ಹೇಳೋಣ ಎಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಅಲ್ಲೇ ಉಳಿಯಿತು.

ಹೆಂಗಸರನ್ನು ಹೀಗೆ ಬಲವಂತವಾಗಿ ಹೊರಗಿಡುವುದು ಅಪರಾಧ ಎಂದು ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾನೂನಾಗಿದೆ. 2020ರ ಜನವರಿಯಿಂದ ಜಾರಿಗೂ ಬಂದಿದೆ. ಆದರೂ 2023ರ ಜುಲೈನಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ಹೀಗೆ ಹೊರಗಿನ ಗುಡಿಸಲಿನಲ್ಲಿದ್ದ ಒಂದು ಹಸುಗೂಸು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸರ್ಕಾರದವರು ಅನೇಕ ಹಟ್ಟಿಗಳ ಪಕ್ಕದಲ್ಲಿ ಹೆಂಗಸರಿಗೆಂದು ಮಹಿಳಾ ಭವನ ಕಟ್ಟಿಸಿದ್ದಾರೆ. ಈ ಹಟ್ಟಿಗೂ ಒಂದಿದೆ. ನಾವು ಹೋದಾಗ ಅದಕ್ಕೆ ಬೀಗ ಹಾಕಿ, ಒಳಗೆ ಯಾರದೋ ಶೇಂಗಾ ಮೂಟೆ ತುಂಬಿದ್ದರು. ಹುಡುಗಿಗೆ ಭವನದ ಮೇಲೂ ಅಷ್ಟು ಪ್ರೀತಿ ಇಲ್ಲ. “ಗುಡಿಸಲಿಗಿಂತ ವಾಸಿ ನಿಜ, ಮಳೆ ಹಾವಿನ ಭಯ ಇಲ್ಲ. ಆದ್ರೆ ಗುಡಿಸಲಾದ್ರೆ ಒಂದಿನ ಕಿತ್ತು ಹಾಕ್ಬೋದು. ಇದನ್ನ ಸಿಮೆಂಟ್ನಾಗೆ ಕಟ್ಟವ್ರೆ” ಅಂದಳು. ಎಷ್ಟು ದೊಡ್ಡ ಮಾತು ಅನ್ನಿಸಿತು.

ಸಂಜೆ ಶಿರಾಕ್ಕೆ ಹೊರಟಾಗ ಕಗ್ಗಲಡುವಿನ ಕಡೆಗೆ ಹೋಗುವ ರಸ್ತೆ ಬಂತು. ನಾದಿನಿಯವರು ಆ ಕಡೆ ನೋಡುತ್ತಾ, “ಕೊಕ್ಕರೆಗೆ ಊರೊಳಗೆ ಜಾಗ ಇದೆ ಕಣೇ” ಅಂದರು. ಬಸ್ಸಿನಲ್ಲಿ ಮತ್ತೆ ಅವರೇ ಹೇಳಿದರು, “ಫಿಜೀಲಿ ನಮಗೆ ಊರ ಮುಂದಿನ ಅಂಗಳ ತೋರಿಸಿದರು. ಊರ ಹಿಂದೆ ಏನಿತ್ತೋ, ಐದು ಗಂಟೆಗೆ ಹಡಗು ಹತ್ತಿಬಿಟ್ಟೆವಲ್ಲ.” ನಮ್ಮ ಮಗಳು ಆ ರಾತ್ರಿ ಓದಿ ಹೇಳಿದಳು: ಪೆಸಿಫಿಕ್ ಸಾಗರದ ಯಾಪ್ ಎಂಬ ದ್ವೀಪದಲ್ಲೂ ಮುಟ್ಟಾದವರಿಗೆಂದು ಬೇರೆ ಮನೆ ಕಟ್ಟುವ ಪದ್ಧತಿ ಇತ್ತಂತೆ. ಸಮುದ್ರ ದಾಟಿದರೂ ಹೆಂಗಸಿನ ಹಣೆಬರಹ ನೋಡಿ!

ಆದರೆ ಈ ಲೇಖನ ಬರೆಯಲು ಕೂತದ್ದು ಹಟ್ಟಿಯವರನ್ನು ದೂರಲು ಅಲ್ಲ. ಮನೆಗೆ ಬಂದು ಕೈಕಾಲು ತೊಳೆದು ಅಡುಗೆಮನೆಗೆ ಹೋಗುವಾಗ, ಹಿತ್ತಿಲ ಬಾಗಿಲ ಪಕ್ಕದ ಗೂಡಿನಲ್ಲಿದ್ದ ಒಂದು ತಟ್ಟೆ, ಒಂದು ಲೋಟ ನನ್ನ ಕಣ್ಣಿಗೆ ಬಿತ್ತು. ಅದು ನಮ್ಮ ಅತ್ತೆಯವರ ಕಾಲದಿಂದ ಇರುವ ‘ಹೊರಗಿನ’ ತಟ್ಟೆ ಲೋಟ. ಮೊದಲು ನನ್ನದಾಗಿತ್ತು. ನಾಲ್ಕು ವರ್ಷದಿಂದ ಆ ಮೂರು ದಿನ ನಮ್ಮ ಮಗಳದು. ಅತ್ತೆಯವರು ತೀರಿಕೊಂಡು ಆರು ವರ್ಷವಾಯಿತು. ಹಾಗಾದರೆ ಮಗಳಿಗೆ ಆ ತಟ್ಟೆ ಕೊಟ್ಟವರು ಯಾರು? ನಾನೇ. ಯಾರೂ ಬಲವಂತ ಮಾಡಲಿಲ್ಲ. “ಅಮ್ಮ, ನೀನು ಯಾಕೆ ಮಾಡ್ತೀಯ?” ಎಂದು ಅವಳು ಕೇಳಿದಾಗ ನಾನು ಹೇಳಿದ್ದು, ನಾನೂ ಮಾಡಿದ್ದೆ ಎಂದು. ಅಜ್ಜಿಯ ಮಾತಿಗೂ ನನ್ನ ಮಾತಿಗೂ ಏನು ವ್ಯತ್ಯಾಸ?

ಆ ರಾತ್ರಿ ತಟ್ಟೆ ಲೋಟ ಎರಡನ್ನೂ ತೊಳೆದು ಬೇರೆ ಪಾತ್ರೆಗಳ ಜೊತೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಜೋಡಿಸಿದೆ. ಈಗ ಯಾವ ತಟ್ಟೆ ಯಾವುದೆಂದು ನನಗೇ ಗುರುತು ಹತ್ತುವುದಿಲ್ಲ. ಮಗಳು ನೋಡಿದಳು, ಏನೂ ಹೇಳಲಿಲ್ಲ. ಮಾರನೆಯ ತಿಂಗಳು ಆ ದಿನಗಳಲ್ಲಿ ಅಡುಗೆಮನೆಗೆ ಬಂದು ತಾನೇ ಕಾಫಿ ಬೆರೆಸಿ ನನಗೂ ಒಂದು ಲೋಟ ಕೊಟ್ಟಳು. ದೇವರಮನೆಗೆ ಮಾತ್ರ ನಾನು ಇನ್ನೂ ಆ ದಿನಗಳಲ್ಲಿ ಹೋಗಿಲ್ಲ. ಸುಳ್ಳು ಯಾಕೆ ಹೇಳಲಿ, ಅಷ್ಟು ಮನಸ್ಸು ಇನ್ನೂ ಗಟ್ಟಿಯಾಗಿಲ್ಲ.

ಹಟ್ಟಿಯಿಂದ ಮೊನ್ನೆ ಫೋನು ಬಂದಿತ್ತು. ಕೃತ್ತಿಕೆ ಮಳೆ ಗಾಳಿಯ ಜೊತೆ ಹೊಡೆದ ರಾತ್ರಿ ಅಜ್ಜಿಯೇ ಎದ್ದು ಹೋಗಿ, ಶೇಂಗಾ ಮೂಟೆ ಹೊರಗೆ ಹಾಕಿಸಿ, ಬಾಣಂತಿಯನ್ನೂ ಕೂಸನ್ನೂ ಭವನದೊಳಗೆ ಮಲಗಿಸಿ ತಾನೂ ಪಕ್ಕದಲ್ಲೇ ಮಲಗಿದರಂತೆ. ಪಕ್ಕದಲ್ಲೇ! ಬೆಳಿಗ್ಗೆ ಸ್ನಾನ ಮಾಡಿಯೇ ಹಟ್ಟಿಯೊಳಗೆ ಹೋದರಂತೆ, ಅದು ಬೇರೆ ಮಾತು. ಕೂಸು ಈಗ ಚೆನ್ನಾಗಿದೆ. ನಾನು ಕಳಿಸಿದ ಅಂಗಿ ಆಗಲೇ ಬಿಗಿಯಾಗುತ್ತಿದೆಯಂತೆ.

ಸೋದರಿಯರೇ, ನೀವೂ ಶಿರಾ ಕಡೆ ಬಂದರೆ ಕಗ್ಗಲಡುವಿನ ಕೊಕ್ಕರೆ ನೋಡಿ. ಯಾರಾದರೂ ಪರಿಚಯದವರು ಕರೆದರೆ ಹಟ್ಟಿಗೂ ಹೋಗಿ, ಗಣೆ ಕೇಳಿ, ಮಜ್ಜಿಗೆ ಕುಡಿಯಿರಿ. ಫೋನನ್ನು ಚೀಲದಲ್ಲೇ ಇಡಿ. ಬಾಣಂತಿ ಎಲ್ಲಿ ಎಂದು ಮಾತ್ರ ಕೇಳುವುದನ್ನು ಮರೆಯಬೇಡಿ.